ಮುಖ ತೋರಿಸಿ ಹೋಗಿ

ಸಾವಿನ ವಿಚಾರಣೆಯ ದಿನ, ಅದನ್ನು ನಡೆಸುವ ಅಧಿಕಾರಿ ಕರೋನರ್ ನನ್ನನ್ನು ಬಹಳ ಮರ್ಯಾದೆಯಿಂದ ಮಾತನಾಡಿಸಿದರು. ನೀವು ಎಲ್ಲಿ ನಿಂತಿದ್ದಿರಿ, ಅಲ್ಲಿಂದ ಏನು ಕಾಣುತ್ತಿತ್ತು, ಹೊರಗೆ ಹೋಗುವಾಗ ಆಕೆ ಏನು ಹೇಳಿದರು ಎಂದು ಕೇಳಿದರು. ನಾನು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವವನು. ಕಂಡದ್ದನ್ನು ಕಂಡಷ್ಟೇ ಹೇಳುವುದು ನನಗೆ ಅಭ್ಯಾಸ. ಕಂಡದ್ದನ್ನು ಹೇಳಿದೆ, ಕಾಣದ್ದನ್ನು ಕಾಣಲಿಲ್ಲ ಎಂದೆ. ಧನ್ಯವಾದ ಹೇಳಿ ಕಳಿಸಿದರು.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅಲ್ಲಿ ಕೇಳಿದ್ದು ಒಂದು ಸಂಜೆಯ ಬಗ್ಗೆ. ಆಕೆ ಎಂಥವರು ಎಂದು ಯಾರೂ ಕೇಳಲಿಲ್ಲ, ಅದನ್ನು ಕೇಳುವ ಜಾಗವೂ ಅದಲ್ಲ. ಹಾಗಾಗಿ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರನ್ನು ನಾನು ಮೊದಲು ಗುರುತಿಸಿದ್ದು ವಾಸನೆಯಿಂದ. ಲಂಡನ್ನಿನ ಅಂಚಿನ ಕ್ರೋಯ್ಡನ್‌ನಲ್ಲಿ ನಮ್ಮ ಫ್ಲ್ಯಾಟುಗಳ ಲಿಫ್ಟ್‌ನಲ್ಲಿ ಕೆಲವು ರಾತ್ರಿ ಕರಿದ ಎಣ್ಣೆ, ವಿನಿಗರ್ ಮತ್ತು ಉಪ್ಪುಗಾಳಿ ಬೆರೆತ ಒಂದು ವಾಸನೆ ಉಳಿದಿರುತ್ತಿತ್ತು. ಯಾರದೆಂದು ತಿಳಿದದ್ದು ಒಂದು ದಿನ ಲಿಫ್ಟ್ ಕೆಟ್ಟು ಇಬ್ಬರೂ ಒಳಗೆ ಸಿಕ್ಕಿಕೊಂಡಾಗ. ನಾನು ಹೆಂಡತಿಗೆ ಫೋನ್ ಮಾಡಿ ಕನ್ನಡದಲ್ಲಿ ಗಾಬರಿಪಡುತ್ತಿದ್ದೆ. ಮೂಲೆಯಲ್ಲಿ ನಿಂತಿದ್ದ ಗಟ್ಟಿಮುಟ್ಟಾದ ಹೆಂಗಸು, ನಡುವಯಸ್ಸು ದಾಟಿದವರು, ಚೀಲ ಕೆಳಗಿಟ್ಟು ಹೇಳಿದರು:

"ಎಂತ ಮಾರಾಯ್ರೆ, ಇಷ್ಟಕ್ಕೆಲ್ಲ ಹೆಂಡತಿಯನ್ನು ಹೆದರಿಸುದಾ? ಲಿಫ್ಟ್ ಬೀಳುದಿಲ್ಲ. ಕೂತ್ಕೊಳ್ಳಿ. ಧಾರವಾಡದವ್ರಾ?"

"ಹೌದ್ರಿ. ಹೆಂಗ್ ಗೊತ್ತಾತ್ರಿ?"

"ಹೀಗೇ ಗೊತ್ತಾದದ್ದು."

ಅಂದಿನಿಂದ ಅವರು ನನ್ನನ್ನು ಕರೆದದ್ದು 'ಧಾರವಾಡದವ್ರೇ' ಎಂದು. ನಾನು 'ಅಕ್ಕಾರ' ಎನ್ನುತ್ತಿದ್ದೆ. ಮಲ್ಪೆಯ ಕಡೆಯವರು. ಗಂಡ ತೀರಿಕೊಂಡಿದ್ದರು. ಕೆಂಟ್ ತೀರದ ಒಂದು ಸಣ್ಣ ಊರಿನಲ್ಲಿ ಫಿಶ್ ಅಂಡ್ ಚಿಪ್ಸ್ ಅಂಗಡಿ, ಕರಿದ ಮೀನು ಮತ್ತು ಆಲೂಗಡ್ಡೆಯ ದಪ್ಪ ಹೋಳುಗಳದು. ಮೊದಲು ಅಲ್ಲೇ ಕೆಲಸಕ್ಕಿದ್ದು, ಮುದಿ ಮಾಲೀಕರು ಬಿಟ್ಟಾಗ ತಾವೇ ಕೊಂಡುಕೊಂಡಿದ್ದರು. ಬೆಳಿಗ್ಗೆ ವ್ಯಾನ್‌ನಲ್ಲಿ ಹೋಗುವುದು, ರಾತ್ರಿ ಕ್ರೋಯ್ಡನ್‌ಗೆ ವಾಪಸ್ ಬರುವುದು. ಅಲ್ಲೇ ಮನೆ ಮಾಡಬಾರದೇ ಎಂದರೆ, "ಇಡೀ ದಿನ ಸಮುದ್ರ ನೋಡಿದ್ದು ಸಾಕಾಗುದಿಲ್ವಾ? ಮಲಗುವಾಗಲೂ ಅದರ ಸದ್ದು ಕೇಳ್ಬೇಕಾ?" ಎನ್ನುತ್ತಿದ್ದರು.

ನನಗೆ ಆ ಕಾಲಕ್ಕೆ ಗಾಳದ ಹುಚ್ಚು ಹಿಡಿದಿತ್ತು. ಆಸ್ಪತ್ರೆಯ ಕೆಲವರು ಶನಿವಾರ ದಂಡೆಗೆ ಹೋಗುವಾಗ ಜೊತೆಗೆ ಕರೆದೊಯ್ದಿದ್ದರು. ಉರುಟು ಕಲ್ಲುಗಳ ದಂಡೆಯ ಮೇಲೆ ಕೋಲು ನೆಟ್ಟು, ಅದರ ತುದಿ ಅಲುಗುತ್ತದೆಯೇ ಎಂದು ನೋಡುತ್ತ ಗಂಟೆಗಟ್ಟಲೆ ನಿಲ್ಲುವುದು ಅದೇಕೋ ನನಗೆ ಹಿಡಿಸಿತು. ನಾನು ಮೀನು ತಿನ್ನುವವನಲ್ಲ. ಹಿಡಿದು, ಕೊಕ್ಕೆ ಬಿಡಿಸಿ, ನೀರಿಗೆ ಬಿಡುತ್ತಿದ್ದೆ. ಇದು ತಿಳಿದಾಗ ಅಕ್ಕಾರಿಗೆ ತಡೆಯಲಾರದಷ್ಟು ನಗು.

"ತಿನ್ನುದಿಲ್ಲ, ಮಾರುದಿಲ್ಲ. ಮತ್ತೆ ಅದರ ಬಾಯಿಗೆ ಎಂತಕ್ಕೆ ಚುಚ್ಚುದು? ಕ್ಷೇಮಸಮಾಚಾರ ಕೇಳ್ಲಿಕ್ಕಾ?"

ಅವರ ಅಂಗಡಿ ದಂಡೆಯ ನೆತ್ತಿಯಲ್ಲಿತ್ತು. ಗಾಳ ಹಾಕುವವರೆಲ್ಲ ಕಾರು ನಿಲ್ಲಿಸಿ ಅದರ ಮುಂದಿನಿಂದಲೇ ಕೆಳಗಿಳಿಯಬೇಕು, ಹತ್ತಿ ಬರುವಾಗಲೂ ಅದೇ ದಾರಿ. ಈ ಅನುಕೂಲದಿಂದ ಅಕ್ಕಾರು ಒಂದು ಪದ್ಧತಿ ಮಾಡಿಕೊಂಡಿದ್ದರು. ಕೆಳಗಿಳಿಯುವ ಮುಂಚೆ ಒಳಗೆ ಬಂದು ತಮಗೆ ಬೇಕಾದ ಮೀನನ್ನು ಹೇಳಬೇಕು. ಅವರು ಆ ತುಂಡನ್ನು ತೆಗೆದು ಗಾಜಿನ ಫ್ರಿಜ್‌ನ ಮೇಲಿನ ಟ್ರೇಯಲ್ಲಿ ಬೇರೆಯಾಗಿ ಇಡುತ್ತಿದ್ದರು. ವಾಪಸ್ ಬಂದು ಬಾಗಿಲು ತೆರೆದು ಮುಖ ತೋರಿಸಿದ ಮೇಲೆಯೇ ಅದು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬೀಳುವುದು. ಚಿಪ್ಸ್‌ನದೂ ಹಾಗೆಯೇ. ಮೊದಲು ಹದವಾದ ಬಿಸಿಯಲ್ಲಿ ಕರಿದು ತೆಗೆದಿಟ್ಟಿರುತ್ತಿದ್ದರು, ಗರಿಗರಿಯಾಗಿಸುವ ಎರಡನೆಯ ಸುತ್ತು ಮುಖ ಕಂಡ ನಂತರ. ಹೀಗೆ ಟ್ರೇಯತ್ತ ಒಮ್ಮೆ ನೋಡಿದರೆ ದಂಡೆಯಲ್ಲಿ ಇನ್ನೂ ಯಾರಿದ್ದಾರೆಂದು ಅವರಿಗೆ ತಿಳಿಯುತ್ತಿತ್ತು. ಅಗಲವಾದ ತುಂಡು ಒಬ್ಬನದು, ಚರ್ಮ ತೆಗೆಯದ್ದು ಇನ್ನೊಬ್ಬನದು. ನನ್ನ ಲೆಕ್ಕಕ್ಕೆ ಒಂದು ಸಿಪ್ಪೆ ಸುಲಿದ ಆಲೂಗಡ್ಡೆ. ನನಗಾಗಿ ಬೇರೆ ಬಾಣಲೆಯನ್ನೇ ಇಟ್ಟಿದ್ದರು. ಮೀನಿನ ಎಣ್ಣೆಯ ಒಂದು ಹನಿಯೂ ಅದಕ್ಕೆ ಸೋಕುತ್ತಿರಲಿಲ್ಲ.

"ನಿಮ್ಮ ಬಟಾಟೆ ಇಲ್ಲಿ ಕಾಯ್ತಾ ಉಂಟು," ಎನ್ನುವರು ನಾನು ಇಳಿಯುವಾಗ. "ಅದಕ್ಕೆ ಬೇಸರ ಮಾಡ್ಬೇಡಿ."

ಈ ಪದ್ಧತಿ ಯಾಕೆ ಎಂದು ಕೇಳಿದವರಿಗೆಲ್ಲ ಅವರು ಬೇರೆ ಬೇರೆ ಉತ್ತರ ಕೊಟ್ಟಿದ್ದರು. ಇಂಗ್ಲಿಷ್ ಗಿರಾಕಿಗಳಿಗೆ, ತಣ್ಣಗಾದ ಮೀನು ಕೊಟ್ಟರೆ ಮೀನಿಗೇ ಅವಮಾನ ಎಂದು. ಒಮ್ಮೆ ಜೊತೆಗೆ ಬಂದಿದ್ದ ನನ್ನ ಹೆಂಡತಿಗೆ, ಗಂಡಸರಿಗೆ ಹೇಳಿಹೋಗುವ ಬುದ್ಧಿ ಇರುವುದಿಲ್ಲ, ತಿನ್ನುವುದನ್ನು ಹಿಡಿದಿಟ್ಟುಕೊಂಡರೆ ತಾವಾಗಿ ಬರುತ್ತಾರೆ ಎಂದು. ನಾನು ನನ್ನದೇ ಒಂದು ಊಹೆ ಮಾಡಿಕೊಂಡಿದ್ದೆ. ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಮೆಲ್ಲಗೆ ಕೇಳಿದೆ:

"ಅಕ್ಕಾರ, ನಿಮ್ಮ ಮನ್ಯಾಗ ಯಾರರೆ ಸಮುದ್ರಕ್ಕ ಹೋಗಿ ವಾಪಸ್ ಬರಲಿಲ್ಲೇನ್ರಿ?"

ಅವರು ಹಿಟ್ಟು ಕದಡುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಇಲ್ಲ ಮಾರಾಯ್ರೆ. ನಮ್ಮ ಮನೆಯವ್ರೆಲ್ಲ ಹಾಸಿಗೆಯಲ್ಲೇ ಸತ್ತದ್ದು. ನಿಮಗೆ ಎಲ್ಲದಕ್ಕೂ ಒಂದು ಕಥೆ ಆಗ್ಬೇಕು. ಕೆಳಗೆ ಹೋದವರು ಮೇಲೆ ಬಂದ್ರಾ ಅಂತ ನೋಡ್ಲಿಕ್ಕೆ ಕಥೆ ಎಂತಕ್ಕೆ?"

ಆಮೇಲೆ ಕೇಳಲಿಲ್ಲ.

ನಾನು ಕರೆಯುವುದನ್ನು ಕೇಳಿ ದಂಡೆಯ ಇಂಗ್ಲಿಷರೂ ಅವರನ್ನು 'ಅಕ್ಕಾ' ಎನ್ನತೊಡಗಿದ್ದರು. ಹಲವರು ಅದೇ ಅವರ ಹೆಸರೆಂದು ತಿಳಿದಿದ್ದರು. ಅವರಲ್ಲೊಬ್ಬ, ಕ್ರೋಯ್ಡನ್‌ನವನೇ, ಕೆಲಸದಲ್ಲಿದ್ದಷ್ಟು ಕಾಲವೂ ಬಸ್ ಓಡಿಸಿ ನಿವೃತ್ತನಾದ ಮುದುಕ. ಅಕ್ಕಾರು ಆತನನ್ನು ನನ್ನೆದುರು 'ಬಸ್ಸಿನವ' ಎನ್ನುತ್ತಿದ್ದರು. ಆತನ ತುಂಡು ಯಾವಾಗಲೂ ಹ್ಯಾಡಕ್ ಮೀನಿನ ಬಾಲದ ಕಡೆಯದು, ತೆಳ್ಳಗಿನದು. ಮಾತು ಕಡಿಮೆ. ಲಂಡನ್‌ನಲ್ಲಿ ಎರಡು ಬಸ್‌ಗಳು ಎದುರಾದಾಗ ಡ್ರೈವರ್‌ಗಳು ಸ್ಟಿಯರಿಂಗ್ ಮೇಲಿನಿಂದ ಒಂದು ಕೈಯನ್ನು ತುಸುವೇ ಎತ್ತುವುದನ್ನು ಗಮನಿಸಿರಬಹುದು. ಆತನಿಗೆ ಬದುಕಿನ ಎಲ್ಲ ವಿಷಯಕ್ಕೂ ಆ ಕೈ ಸಾಕಾಗಿತ್ತು. ಬಂದೆ ಎನ್ನುವುದಕ್ಕೂ ಅದೇ, ಹೊರಟೆ ಎನ್ನುವುದಕ್ಕೂ ಅದೇ.

ಇದೊಂದು ವಿಷಯಕ್ಕೆ ಅಕ್ಕಾರಿಗೂ ಆತನಿಗೂ ಜಗಳ. ಆತ ದಂಡೆಯಿಂದ ಬಂದವನು ಕಿಟಕಿಯ ಹೊರಗೇ ನಿಂತು ಕೈ ಎತ್ತುವನು. ಅಕ್ಕಾರು ನೋಡಿಯೂ ನೋಡದವರಂತೆ ಬೇರೆಯವರಿಗೆ ಪೊಟ್ಟಣ ಕಟ್ಟುತ್ತಿರುವರು. ಕೊನೆಗೆ ಆತ ಬೈದುಕೊಳ್ಳುತ್ತ ಬಾಗಿಲು ತೆರೆದು ತಲೆ ಒಳಗೆ ಹಾಕಬೇಕು.

"ನಾನು ಅರ್ಧ ಗಂಟೆಯಿಂದ ಇಲ್ಲೇ ನಿಂತಿದ್ದೇನೆ ಅಕ್ಕಾ!"

"ನಿಂತದ್ದು ನೀನಾ? ನಾನು ಕೈ ಮಾತ್ರ ನೋಡಿದೆ," ಎಂದು ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಸೇರಿಸುವರು: "ಕೈ ಯಾರದ್ದೂ ಆಗ್ಬಹುದು ಅಲ್ವಾ ಧಾರವಾಡದವ್ರೇ? ಮುಖ ತೋರಿಸ್ಲಿಕ್ಕೆ ಇವನಿಗೆ ಎಂತ ನಾಚಿಕೆ?"

ಆಮೇಲೆ ಆತನ ತುಂಡಿಗೆ ಹಿಟ್ಟಿನ ಗರಿಗರಿ ಚೂರುಗಳನ್ನು ಬೇರೆಯವರಿಗಿಂತ ಹೆಚ್ಚು ಉದುರಿಸಿ ಕೊಡುವರು.

ಅವರನ್ನು ಒಳ್ಳೆಯ ಸ್ವಭಾವದವರು ಎಂದು ಸುಲಭವಾಗಿ ಹೇಳಲಾರೆ. ಗಿರಾಕಿಗಳ ಮೇಲೆ ರೇಗುತ್ತಿದ್ದರು. ಕೆಚಪ್ ಕೇಳಿದವರನ್ನು ಮೇಲಿನಿಂದ ಕೆಳಗೆ ನೋಡುತ್ತಿದ್ದರು. ನನ್ನ ಮಗಳು ಅವರ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸಿದಾಗ, "ಅರ್ಥ ಆಗ್ತದೆ, ಆದ್ರೆ ಬಾಯಿ ಬಾಡಿಗೆಗೆ ಕೊಟ್ಟಿದ್ದಾಳೆ," ಎಂದು ಅವಳ ಎದುರೇ ಅಂದಿದ್ದರು. ಮಗಳು ಆಮೇಲೆ ಅಲ್ಲಿಗೆ ಬರಲಿಲ್ಲ. ನಿಂತಲ್ಲಿ ನಿಲ್ಲುವ ಜಾಯಮಾನವೂ ಅಲ್ಲ ಅವರದು. ಎಣ್ಣೆಯಿಂದ ಕಿಟಕಿಗೆ, ಕಿಟಕಿಯಿಂದ ಟ್ರೇಗೆ, ಟ್ರೇಯಿಂದ ಎಣ್ಣೆಗೆ. ಕೈ ಕೆಲಸದಲ್ಲಿದ್ದರೂ ಕಣ್ಣು ಸುತ್ತುತ್ತಲೇ ಇರುತ್ತಿತ್ತು. ಟ್ರೇ ಪೂರ್ತಿ ಖಾಲಿಯಾದಾಗ ಮಾತ್ರ ಒಂದು ಸ್ಟೂಲ್ ಎಳೆದುಕೊಂಡು ಕೂತು, ಕಾಲು ಚಾಚಿ, "ಆಯ್ತು," ಎನ್ನುವರು. ಆ ಒಂದು ಶಬ್ದವನ್ನು ಅಷ್ಟು ತೃಪ್ತಿಯಿಂದ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಈಗ ಆ ಸಂಜೆ.

ಫೆಬ್ರವರಿಯ ಶಾಲಾ ರಜೆಯ ಶನಿವಾರ. ಗಾಳಿ ಸಮುದ್ರದಿಂದ ನೇರವಾಗಿ ದಂಡೆಗೆ ಬೀಸುತ್ತಿತ್ತು, ನೀರು ಏರುತ್ತಿತ್ತು. ನಾನು ಬೇಗ ಮೇಲೆ ಬಂದಿದ್ದೆ. ಚಿಪ್ಸ್ ತಿಂದು, ಅಂಗಡಿಯಲ್ಲಿ ಜನ ತುಂಬಿದ್ದರಿಂದ ಅಕ್ಕಾರಿಗೆ ಪೊಟ್ಟಣ ಕಟ್ಟಿಕೊಡುತ್ತ ಕೌಂಟರಿನ ಒಳಗೆ ನಿಂತಿದ್ದೆ. ಮಕ್ಕಳು, ಒದ್ದೆ ಕೋಟುಗಳು, ಬಾಗಿಲ ತನಕ ಸಾಲು. ಉಸಿರಿಗೂ ಎಣ್ಣೆಯ ಹಬೆಗೂ ಕಿಟಕಿಯ ಗಾಜು ಪೂರ್ತಿ ಮಂಜಾಗಿತ್ತು.

ನಡುವೆ ಒಮ್ಮೆ ಆ ಗಾಜಿನ ಹೊರಗೆ ಒಂದು ಕೈ ಮೇಲೆದ್ದದ್ದನ್ನು ನಾನು ನೋಡಿದೆ. ಬೆರಳ ತುದಿ ಕತ್ತರಿಸಿದ ಉಣ್ಣೆಯ ಗವಸು. ದಂಡೆಯಲ್ಲಿ ಗಾಳ ಹಾಕುವ ಎಲ್ಲರೂ ಚಳಿಗಾಲದಲ್ಲಿ ಅಂಥದನ್ನೇ ಹಾಕುತ್ತಾರೆ. ಕೈ ಮೇಲೆದ್ದಿತು, ಇಳಿಯಿತು. ಅದರ ಹಿಂದೆ ಮುಖ ಇತ್ತೋ ಇಲ್ಲವೋ ಮಂಜಿನಲ್ಲಿ ಕಾಣಲಿಲ್ಲ. ಅಕ್ಕಾರು ಆಗ ಎಣ್ಣೆಯ ಕಡೆ ಬಾಗಿದ್ದರು. ನನ್ನೆದುರು ಒಬ್ಬ ತಾಯಿ ಬಟಾಣಿ ಕೇಳುತ್ತಿದ್ದಳು. ನಾನು ಬಟಾಣಿ ಕೊಟ್ಟೆ.

ಜನ ಕರಗಿ, ಹೊರಗೆ ಬೆಳಕು ಇಳಿಯತೊಡಗಿದಾಗ ಟ್ರೇಯಲ್ಲಿ ಒಂದೇ ತುಂಡು ಉಳಿದಿತ್ತು. ಬಾಲದ ಕಡೆಯದು. ಕಿಟಕಿಯಲ್ಲಿ ಕಂಡ ಕೈ ಆ ಗದ್ದಲದಲ್ಲಿ ನನಗೆ ಮರೆತೇ ಹೋಗಿತ್ತು.

ಅಕ್ಕಾರು ಫೋನ್ ಮಾಡಿದರು. ರಿಂಗ್ ಆಯಿತು, ಎತ್ತಲಿಲ್ಲ. ಬಾಗಿಲು ತೆರೆದು ನೋಡಿದರು. ಆತ ಯಾವಾಗಲೂ ನಿಲ್ಲುತ್ತಿದ್ದದ್ದು ಅಲೆ ತಡೆಯಲು ದಂಡೆಗೆ ಅಡ್ಡವಾಗಿ ಹಾಕಿದ ಮರದ ಗೋಡೆಯ ಆಚೆ ಬದಿಯಲ್ಲಿ. ಅಂಗಡಿಯಿಂದ ಆ ಜಾಗ ಕಾಣುವುದಿಲ್ಲ. ಆತನ ಕಾರು ಇದೆಯೇ ಎಂದು ನೋಡೋಣವೆಂದರೆ, ಆತ ಕಾರು ನಿಲ್ಲಿಸುವುದು ಹಿಂದಿನ ಯಾವುದಾದರೂ ಬೀದಿಯಲ್ಲಿ.

"ನಾ ಹೋಗಿ ನೋಡಿ ಬರ್ತೀನ್ರಿ ಅಕ್ಕಾರ," ಎಂದೆ.

"ನಿಮಗೆ ಈ ನೀರು ಗೊತ್ತಾಗುದಿಲ್ಲ. ನೀವು ಎಣ್ಣೆ ನೋಡಿ." ಟಾರ್ಚ್ ತೆಗೆದುಕೊಂಡರು. ಎಪ್ರನ್ ಬಿಚ್ಚಲಿಲ್ಲ. ಬಾಗಿಲಲ್ಲಿ ತಿರುಗಿ ಹೇಳಿದರು: "ಅವನು ಬಂದ್ರೆ ಬೈದು ಕೂರಿಸಿ."

ಅವರ ಕೊನೆಯ ಮಾತು ಇದು. ಕರೋನರ್ ಕೇಳಿದಾಗ ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅಲ್ಲಿ ಅದು ಬರೇ ಒಂದು ಸೂಚನೆಯಾಗಿ ಕೇಳಿಸಿತು.

ನಾನು ಒಲೆಗಳನ್ನು ಆರಿಸಿ ಬಾಗಿಲಿಗೆ ಬಂದೆ. ಬಿಳಿ ಎಪ್ರನ್ ಕಲ್ಲುಗಳ ಮೇಲೆ ಇಳಿಯುವುದು ಕಂಡಿತು. ಮರದ ಗೋಡೆಯ ತನಕ ಹೋಯಿತು. ಟಾರ್ಚ್‌ನ ಬೆಳಕು ಗೋಡೆಯ ಮೇಲೆ ಒಮ್ಮೆ ಆಚೆ, ಒಮ್ಮೆ ಈಚೆ ಆಡಿತು. ಆಮೇಲೆ ಎಪ್ರನ್ ಗೋಡೆಯ ಆಚೆ ಮರೆಯಾಯಿತು. ಅವರನ್ನು ಬೀಳಿಸಿದ ಅಲೆಯನ್ನು ನಾನು ನೋಡಲಿಲ್ಲ. ಕೂಗು ಕೇಳಲಿಲ್ಲ, ಗಾಳಿಯಲ್ಲಿ ಕೇಳುವಂತೆಯೂ ಇರಲಿಲ್ಲ. ಬೆಳಕು ಮತ್ತೆ ಕಾಣದಿದ್ದಾಗ, ಕಾರಿಗೆ ಸಾಮಾನು ತುಂಬುತ್ತಿದ್ದ ಇಬ್ಬರನ್ನು ಕೂಗಿ ಕರೆದೆ. ಮೂವರೂ ಓಡಿದೆವು. ಅವರಿಬ್ಬರೂ ಅಕ್ಕಾರನ್ನು ನೀರಿನಿಂದ ಎಳೆದು ತಂದರು. ಆಂಬ್ಯುಲೆನ್ಸ್ ಬೇಗನೇ ಬಂತು. ಆಸ್ಪತ್ರೆಯಲ್ಲಿ ಅದೇ ರಾತ್ರಿ ತೀರಿಕೊಂಡರು.

ಆಗ ಬಸ್ಸಿನವನು ಕ್ರೋಯ್ಡನ್‌ನಲ್ಲಿ, ತನ್ನ ಮನೆಯಲ್ಲಿ, ಬಿಸಿನೀರಿನ ಟಬ್‌ನಲ್ಲಿ ಕೂತಿದ್ದ. ಮೊಣಕಾಲು ನೋವು. ಅಂಗಡಿಯ ಮುಂದೆ ಬಂದಾಗ ಬಾಗಿಲ ತನಕ ಸಾಲು ನೋಡಿ, ನಿಲ್ಲಲಾರೆ ಎನಿಸಿ, ಕಿಟಕಿಯ ಹೊರಗಿನಿಂದ ಕೈ ಎತ್ತಿ ಹೊರಟುಹೋಗಿದ್ದ. ಫೋನು ಕಾರಿನ ಡ್ಯಾಶ್‌ಬೋರ್ಡ್ ಒಳಗಿತ್ತು. ಇಷ್ಟೂ ಆತ ಹೇಳಿದ್ದು. ನಾನು ನಂಬುತ್ತೇನೆ. ಆದರೆ ನಂಬುವುದು ಬೇರೆ, ಕಂಡದ್ದು ಬೇರೆ.

ವಿಚಾರಣೆಗೆ ಮುಂಚೆ ಆತ ನನ್ನನ್ನು ಹುಡುಕಿಕೊಂಡು ಬಂದ. ನಮ್ಮ ಕಟ್ಟಡದ ಕೆಳಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ನೀನು ಕಿಟಕಿಯ ಕಡೆಗೇ ಇದ್ದೆ ಮೇಟ್. ನನ್ನನ್ನು ನೋಡಿದೆ ಅಲ್ಲವೇ?"

"ಒಂದು ಕೈ ನೋಡಿದೆ."

"ಅದು ನನ್ನದೇ."

"ಇರಬಹುದು."

"ಇರಬಹುದು ಅಲ್ಲ. ನನ್ನದೇ." ಆತ ಟೋಪಿಯನ್ನು ಇನ್ನೊಂದು ಕೈಗೆ ಬದಲಿಸಿದ. "ನಾನು ಹೇಳದೆ ಹೋಗಲಿಲ್ಲ. ಅದೊಂದು ಮಾತು ನೀನು ಅಲ್ಲಿ ಹೇಳಿದರೆ ಸಾಕು. ಅವನು ಹೇಳಿಯೇ ಹೋಗಿದ್ದ ಎಂದು."

ಆತನಿಗೆ ಬೇಕಾದದ್ದು ಶಿಕ್ಷೆಯಿಂದ ಬಿಡುಗಡೆಯಲ್ಲ, ಅಂಥದ್ದೇನೂ ಇರಲಿಲ್ಲ. ರಾತ್ರಿ ಮಲಗುವುದಕ್ಕೆ ಬೇಕಾದಷ್ಟು ಒಂದು ಮಾತು ಬೇಕಿತ್ತು. ಕೊಡಬಹುದಾಗಿತ್ತು. ನಾನು ಎರಡು ರಾತ್ರಿ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕೋಣೆಗೆ ನಡೆದೆ. ಹೆಂಡತಿ ಎದ್ದು ಬಂದು ದೀಪ ಹಾಕಿದಳು.

"ಅಂವಂದ ಕೈ ಅಂತ ಅಂದ್ರ ಏನಾತು? ಪಾಪ, ಮುದುಕ."

"ನಾ ಮುಖ ನೋಡಿಲ್ಲ."

"ಮತ್ತ ಯಾರದಿರತೈತಿ?"

"ಅದು ಖರೆ. ಆದ್ರ ಅಕ್ಕಾರು ಇದ್ದಿದ್ರ ಒಪ್ತಿದ್ರೇನು?"

ಅವಳು ದೀಪ ಆರಿಸಿದಳು.

ವಿಚಾರಣೆಯಲ್ಲಿ ನಾನು ಹೇಳಿದ್ದು: ಗವಸು ಹಾಕಿದ ಒಂದು ಕೈ ಮೇಲೆದ್ದು ಇಳಿಯಿತು, ಯಾರದೆಂದು ನನಗೆ ಕಾಣಲಿಲ್ಲ. ಬಸ್ಸಿನವನು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಅದು ಆಕಸ್ಮಿಕ ಸಾವು ಎಂದು ತೀರ್ಮಾನವಾಯಿತು. ಹೊರಗೆ ಮೆಟ್ಟಿಲ ಮೇಲೆ ಆತ ನನ್ನ ಪಕ್ಕದಲ್ಲೇ ನಿಂತ. ಸಿಟ್ಟಾಗಿದ್ದಾನೆ ಎಂದುಕೊಂಡೆ. ಆತ ಅಂದ:

"ಅವಳೂ ಹಾಗೇ ಹೇಳುತ್ತಿದ್ದಳು. ಕೈ ಮಾತ್ರ ನೋಡಿದೆ ಅಂತ."

"ಹೌದು."

"ಬಾಗಿಲು ತೆರೆಯಲಿಕ್ಕೆ ಎಷ್ಟು ಹೊತ್ತು ಬೇಕಿತ್ತು ನನಗೆ?"

ಅದು ನನ್ನನ್ನು ಕೇಳಿದ್ದಲ್ಲ.

ಅಂಗಡಿ ಮುಚ್ಚಿದೆ. ನಾನು ಗಾಳ ಬಿಟ್ಟಿದ್ದೇನೆ. ಆತನೂ ಬಿಡುತ್ತಾನೆಂದು ತಿಳಿದಿದ್ದೆ, ಬಿಡಲಿಲ್ಲ. ಮನೆಯಲ್ಲಿ ಕೂತರೆ ಇನ್ನೂ ಕಷ್ಟವಂತೆ. ವಿಚಾರಣೆಯ ನಂತರದ ಶನಿವಾರ ಸಂಜೆ ನಮ್ಮ ಬಾಗಿಲ ಬೆಲ್ ಆಯಿತು. ತೆರೆದರೆ ಆತ, ಭುಜದ ಮೇಲೆ ಗಾಳದ ಉದ್ದ ಚೀಲ, ಬೂಟಿನಲ್ಲಿ ಉಪ್ಪು. ಟೋಪಿ ತೆಗೆದು ಮುಖ ನನ್ನ ಕಡೆ ಹಿಡಿದು ನಿಂತ. ಕೈ ಎತ್ತಲಿಲ್ಲ.

"ಬಂದೆ," ಎಂದ. ತಿರುಗಿ ಲಿಫ್ಟ್‌ನತ್ತ ಹೋದ.

ಮುಂದಿನ ಶನಿವಾರವೂ ಬಂದ, ಅದರ ಮುಂದಿನದೂ. ಹೆಂಡತಿಯೇ ಒಮ್ಮೆ ಗದರಿಸಿ ಒಳಗೆ ಕರೆದು ಕೂರಿಸಿದಳು. ಮನೆಯಲ್ಲಿ ಮೀನಿಲ್ಲ. ಅಕ್ಕಾರು ತೋರಿಸಿಕೊಟ್ಟಂತೆ ಆಲೂಗಡ್ಡೆಯನ್ನು ಹದವಾದ ಬಿಸಿಯಲ್ಲಿ ಒಮ್ಮೆ ಕರಿದು ತೆಗೆದಿಟ್ಟು, ಆತ ಬಂದ ಮೇಲೆ ಎರಡನೆಯ ಸುತ್ತು ಕರಿದು ಕೊಟ್ಟೆ. ಆತ ಪೂರ್ತಿ ತಿಂದು, "ಅವಳದರಷ್ಟು ಚೆನ್ನಾಗಿಲ್ಲ," ಎಂದ. ಮಗಳು ನಕ್ಕಳು. ಬಹಳ ದಿನದ ಮೇಲೆ ಮನೆಯಲ್ಲಿ ಅಕ್ಕಾರ ವಿಷಯಕ್ಕೆ ಕೇಳಿದ ಮೊದಲ ನಗು.

ಇವತ್ತು ಶನಿವಾರ. ಕಿಟಕಿಗೆ ಗಾಳಿ ಬಡಿಯುತ್ತಿದೆ, ಇಲ್ಲೇ ಇಷ್ಟಿದ್ದರೆ ಅಲ್ಲಿ ಎಷ್ಟಿರಬೇಕು. ಇದನ್ನು ಬರೆಯುತ್ತಿರುವ ಮೇಜಿನಿಂದ ಎದ್ದು ಹಲವು ಸಲ ಕೆಳಗಿನ ಬೀದಿಯಲ್ಲಿ ಆತನ ಕಾರು ಬಂತೇ ಎಂದು ನೋಡಿ ಬಂದಿದ್ದೇನೆ. ಎಣ್ಣೆಯಿಂದ ಕಿಟಕಿಗೆ, ಕಿಟಕಿಯಿಂದ ತಟ್ಟೆಗೆ. ಮೊದಲ ಸುತ್ತು ಕರಿದ ಆಲೂಗಡ್ಡೆ ತಟ್ಟೆಯಲ್ಲಿ ತಣ್ಣಗಾಗುತ್ತಿದೆ. ಅಕ್ಕಾರಿಗೆ ಪ್ರತಿ ಸಂಜೆಯೂ ಇಷ್ಟು ಹೊತ್ತು ಹೀಗೇ ಆಗುತ್ತಿತ್ತೇ? ಅದೂ ಒಬ್ಬರಿಗಲ್ಲ, ಟ್ರೇ ತುಂಬ ಜನರಿಗೆ?

ಈಗಷ್ಟೇ ಫೋನು ಸದ್ದು ಮಾಡಿತು. ಮೆಸೇಜು. ಮೊಣಕಾಲು ಕೈಕೊಟ್ಟಿದೆ, ನೇರವಾಗಿ ಮನೆಗೆ ಬಂದೆ, ಕ್ಷೇಮ, ಇವತ್ತು ಬರುವುದಿಲ್ಲ ಎಂದು ಬರೆದಿದ್ದಾನೆ. ಕೊನೆಯಲ್ಲಿ ಎತ್ತಿದ ಕೈಯ ಒಂದು ಪುಟ್ಟ ಚಿತ್ರ.

"ಬಂತಲ್ಲ ಸುದ್ದಿ. ಇನ್ನ ಕರದು ಕೊಡ್ರಿ, ನಾವರೆ ತಿನ್ನೂಣು," ಎಂದಳು ಹೆಂಡತಿ ಒಳಗಿನಿಂದ.

ನಾನು ಒಲೆ ಆರಿಸಿದೆ. ಕೋಟು ಹಾಕಿಕೊಂಡು, ಆತ ಇರುವ ಬೀದಿಗೆ ಹೋಗಲು ಟ್ರಾಮ್ ಇದೆಯೇ ಎಂದು ನೋಡುತ್ತಿದ್ದೇನೆ.